ಫಾರ್ಮಿಗೆ ಹೋಗಿ ಕ್ರಿಸ್‌ಮಸ್ ಮರ ಆರಿಸಿ ಕಡಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ ಫಾರ್ಮುಗಳನ್ನು ಮನಸ್ಸಿನಲ್ಲಿಟ್ಟು ಬರೆದವು: ಹೆದ್ದಾರಿ 17ರ ನೆತ್ತಿಯ ಸಮಿಟ್ ರೋಡ್ ಮತ್ತು ಸ್ಕೈಲೈನ್ ಕಡೆಯ ಸಾಂತಾ ಕ್ರೂಜ್ ಬೆಟ್ಟಗಳು, ಹಾಫ್ ಮೂನ್ ಬೇ ಸುತ್ತಮುತ್ತ, ಇನ್ನೂ ದೂರ ಹೋಗುವ ಮನಸ್ಸಿದ್ದರೆ ಹೆದ್ದಾರಿ 50ರಲ್ಲಿ ಪ್ಲಾಸರ್‌ವಿಲ್ ದಾಟಿ ಸಿಗುವ ಕಮಿನೊ, ಆ್ಯಪಲ್ ಹಿಲ್. ಒರೆಗಾನ್ ಅಥವಾ ನಾರ್ತ್ ಕೆರೊಲೈನಾದಲ್ಲಿದ್ದರೆ ಮರದ ಜಾತಿಯ ಭಾಗ ಬಿಟ್ಟು ಉಳಿದದ್ದನ್ನು ಹಾಗೇ ಓದಿಕೊಳ್ಳಿ. ಜನ ಗಂಟೆಗಟ್ಟಲೆ ಮರದ ತುದಿ ನೋಡುತ್ತಾರೆ. ಹಬ್ಬದವರೆಗೆ ಮರ ಹಸಿರಾಗಿ ನಿಲ್ಲುತ್ತದೋ ಇಲ್ಲವೋ ತೀರ್ಮಾನವಾಗುವುದು ಬುಡದಲ್ಲಿ. ಹಾಗಾಗಿ ಈ ಪುಟದಲ್ಲಿ ಬುಡದ ಮಾತೇ ಹೆಚ್ಚು.

ಯಾವಾಗ ಹೋದರೆ ಒಳ್ಳೆಯದು?

ನವೆಂಬರ್ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನದ ಶುಕ್ರವಾರ ಬಹುಪಾಲು ಫಾರ್ಮುಗಳ ಗೇಟು ತೆರೆಯುತ್ತದೆ. ಕೆಲವು ಅದಕ್ಕೂ ಮುಂಚಿನ ವಾರಾಂತ್ಯದಲ್ಲೇ ಶುರು ಮಾಡುತ್ತವೆ. ಆ ಶುಕ್ರ, ಶನಿ, ಭಾನುವಾರ ಜಾತ್ರೆ. ಡಿಸೆಂಬರ್ ಎರಡನೇ ವಾರಾಂತ್ಯದ ಹೊತ್ತಿಗೆ 6–7 ಅಡಿಯ ಒಳ್ಳೆಯ ಮರಗಳು ಖಾಲಿಯಾಗಿರುತ್ತವೆ, ಕೆಲವು ಫಾರ್ಮುಗಳು ಬಾಗಿಲನ್ನೇ ಹಾಕಿರುತ್ತವೆ. ಮುಂದಿನ ವರ್ಷ ಬಲಿಯಬೇಕಾದ ಮರಗಳನ್ನು ಈಗಲೇ ಮಾರಿಕೊಂಡರೆ ಮುಂದಿನ ಡಿಸೆಂಬರಿಗೆ ಅವರಿಗೆ ತಣ್ಣೀರು ಬಟ್ಟೆಯೇ ಗತಿ.

ಡಿಸೆಂಬರ್ ಮೊದಲ ವಾರ, ಸಾಧ್ಯವಾದರೆ ವಾರದ ನಡುವಿನ ಬೆಳಿಗ್ಗೆ ಹೋಗಿ. ಆದರೆ ವಾರಾಂತ್ಯದಲ್ಲಿ ಮಾತ್ರ ತೆರೆಯುವ ಫಾರ್ಮುಗಳೂ ಇವೆ, ಹೊರಡುವ ಮುಂಚೆ ಅವರ ವೆಬ್‌ಸೈಟ್ ನೋಡಿಕೊಳ್ಳಿ. ಬೆಟ್ಟದ ಮೇಲೆ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ಮ್ಯಾಪನ್ನು ಕೆಳಗಿರುವಾಗಲೇ ಡೌನ್‌ಲೋಡ್ ಮಾಡಿಟ್ಟಿರಿ.

ಮನೆಯಲ್ಲಿ ಏನೇನು ಅಳೆದುಕೊಂಡು ಹೋಗಬೇಕು?

ಮೂರು ಅಳತೆ. ಒಂದು, ನೆಲದಿಂದ ಸೂರಿನ ಎತ್ತರ. ಅಪಾರ್ಟ್‌ಮೆಂಟಿನಲ್ಲಿ ಸಾಮಾನ್ಯವಾಗಿ 8 ಅಡಿ, ಅಂದರೆ 96 ಇಂಚು. ಇದರಲ್ಲಿ ಮರವನ್ನು ನೀರಿನಲ್ಲಿ ನಿಲ್ಲಿಸುವ ಸ್ಟ್ಯಾಂಡಿಗೆ ಒಂದೆರಡು ಇಂಚು, ತುದಿಯ ನಕ್ಷತ್ರಕ್ಕೆ 8–10 ಇಂಚು ಕಳೆಯಿರಿ. ಕೈಗೆ ಉಳಿಯುವುದು 7 ಅಡಿ, ಹೆಚ್ಚೆಂದರೆ ಇನ್ನೆರಡು ಮೂರು ಇಂಚು.

ಎರಡು, ಮರ ನಿಲ್ಲುವ ಜಾಗದ ಅಗಲ. ಇದನ್ನು ಮರೆಯುವವರೇ ಜಾಸ್ತಿ. ಕತ್ತರಿ ಹಾಕಿ ಬೆಳೆಸಿದ ಮರ ಎತ್ತರದ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ ಅಗಲ ಇರುವುದು ಅಪರೂಪ. 7 ಅಡಿ ಮರದ ಬುಡ 5 ಅಡಿ ಹರಡಿಕೊಂಡಿರುತ್ತದೆ. ಸೋಫಾ ಮತ್ತು ಕಿಟಕಿಯ ನಡುವೆ 4 ಅಡಿ ಇದ್ದರೆ ಮರವನ್ನು ಅಲ್ಲ, ಸೋಫಾವನ್ನು ಜರುಗಿಸಬೇಕಾಗುತ್ತದೆ.

ಮೂರು, ಸ್ಟ್ಯಾಂಡಿನ ಬಾಯಿಯ ಅಗಲ ಮತ್ತು ಅದು ಹಿಡಿಯುವ ನೀರು. ಕಾಂಡದ ಅಡ್ಡಳತೆಯ ಪ್ರತಿ ಇಂಚಿಗೆ ಒಂದು ಕ್ವಾರ್ಟ್, ಹತ್ತಿರ ಹತ್ತಿರ ಒಂದು ಲೀಟರ್ ನೀರು ಬೇಕು. 4 ಇಂಚಿನ ಕಾಂಡಕ್ಕೆ 4 ಕ್ವಾರ್ಟ್, ಅಂದರೆ ಒಂದು ಗ್ಯಾಲನ್. ಡಬ್ಬಿಯ ಮೇಲೆ "ಒಂದು ಗ್ಯಾಲನ್" ಎಂದಿದ್ದರೆ ಅದು ಖಾಲಿ ಸ್ಟ್ಯಾಂಡಿನ ಲೆಕ್ಕ. 4 ಇಂಚಿನ ಕಾಂಡ 6 ಇಂಚು ಆಳಕ್ಕೆ ಇಳಿದರೆ ಅದೊಂದೇ ಸುಮಾರು ಒಂದೂಕಾಲು ಕ್ವಾರ್ಟಿನ ಜಾಗ ತಿನ್ನುತ್ತದೆ, ನೀರಿಗೆ ಉಳಿಯುವುದು ಮೂರಕ್ಕೂ ಕಡಿಮೆ. ಆದ್ದರಿಂದ ಸ್ಟ್ಯಾಂಡ್ ಒಂದು ಅಳತೆ ದೊಡ್ಡದೇ ಇರಲಿ. ಮರಕ್ಕಿಂತ ಮೊದಲು ದುಡ್ಡು ಹಾಕಬೇಕಾದ್ದು ಇದಕ್ಕೆ, ಇಪ್ಪತ್ತು ವರ್ಷ ಬಾಳುತ್ತದೆ.

ಯಾವ ಜಾತಿಯ ಮರ ತರಬೇಕು?

ಮನೆಯಲ್ಲಿ ಎಷ್ಟು ದಿನ ಇಡುತ್ತೀರಿ, ಎಷ್ಟು ಭಾರದ ಅಲಂಕಾರ ತೂಗಿಸುತ್ತೀರಿ, ಸುವಾಸನೆ ಬೇಕೇ ಅನ್ನುವುದರ ಮೇಲೆ ಹೋಗುತ್ತದೆ.

ಈ ಬೆಟ್ಟಗಳಲ್ಲಿ ಎಲ್ಲೆಲ್ಲೂ ಸಿಗುವುದು ಡಗ್ಲಸ್ ಫರ್. ಹೆಸರಲ್ಲಿ ಫರ್ ಇದ್ದರೂ ನಿಜವಾದ ಫರ್ ಕುಲದ್ದಲ್ಲ. ಮೃದು ಎಲೆ, ತುಂಬಿಕೊಂಡ ಮೈ, ಸಿಹಿ ವಾಸನೆ, ಮಕ್ಕಳ ಕೈಗೆ ಚುಚ್ಚುವುದಿಲ್ಲ. ಕೊಂಬೆ ಮಾತ್ರ ಬಳುಕು. ಗಾಜಿನ ದೊಡ್ಡ ಗುಂಡು, ಹಿತ್ತಾಳೆಯ ಗಂಟೆ ತೂಗಿಸಿದರೆ ತಲೆ ತಗ್ಗಿಸುತ್ತದೆ. ಮೂರು ವಾರಕ್ಕೆ ಒಳ್ಳೆಯ ಮರ. ಗುರುತಿಸುವುದು ಸುಲಭ: ಮೊಗ್ಗು ಕಂದು ಬಣ್ಣದ್ದು, ಚೂಪು. ದೊಡ್ಡ ಮರದ ಕೆಳಗೆ ಕಾಯಿ ಬಿದ್ದಿದ್ದರೆ ಎತ್ತಿ ನೋಡಿ, ಪ್ರತಿ ಹೊಪ್ಪಳೆಯ ಅಡಿಯಿಂದ ಇಲಿಯ ಬಾಲ ಮತ್ತು ಹಿಂಗಾಲು ಇಣುಕಿದ ಹಾಗೆ ಮೂರು ಎಳೆ ಹೊರಬಂದಿರುತ್ತವೆ. ನಿಜವಾದ ಫರ್ ಮರದ ಕಾಯಿ ಕೊಂಬೆಯ ಮೇಲೆ ನೆಟ್ಟಗೆ ಕೂತು ಅಲ್ಲೇ ಉದುರಿ ಚೂರಾಗುತ್ತದೆ, ಇಡಿಯಾಗಿ ನೆಲಕ್ಕೆ ಬೀಳುವುದಿಲ್ಲ.

ಒಂದು ತಿಂಗಳು ನಿಲ್ಲಬೇಕು, ಕೊಂಬೆ ಗಟ್ಟಿ ಇರಬೇಕು ಎಂದರೆ ನೋಬಲ್ ಅಥವಾ ನಾರ್ಡ್‌ಮನ್. ನೋಬಲ್ ಫರ್ ಕೊಂಬೆಗಳು ಅಂತಸ್ತು ಅಂತಸ್ತಾಗಿ, ನಡುವೆ ಜಾಗ ಬಿಟ್ಟು ಇರುತ್ತವೆ. ಅಲಂಕಾರ ಒಳಗೆ ಹೂತುಹೋಗದೆ ತೂಗುತ್ತದೆ. ಇದು ಒರೆಗಾನ್–ವಾಷಿಂಗ್ಟನ್ ಕಡೆಯ ಮರ, ಇಲ್ಲಿ ಕಡಿದು ತಂದಿಟ್ಟದ್ದೇ ಹೆಚ್ಚು. ನಾರ್ಡ್‌ಮನ್ ಮೂಲತಃ ಕಾಕಸಸ್ ಬೆಟ್ಟಗಳದು. ಎಲೆ ಉದುರುವುದು ತೀರಾ ಕಡಿಮೆ, ವಾಸನೆಯೂ ಕಡಿಮೆ. ತಲೆನೋವು, ಸೀನು ಅನ್ನುವವರ ಮನೆಗೆ ಹೇಳಿಮಾಡಿಸಿದ್ದು.

ಘಮಕ್ಕೆ ಗ್ರ್ಯಾಂಡ್ ಫರ್ ಮತ್ತು ವೈಟ್ ಫರ್. ಎಲೆ ಹಿಸುಕಿದರೆ ಕಿತ್ತಳೆ ಸಿಪ್ಪೆ ಮುರಿದ ಹಾಗೆ. ಕಮಿನೊ ಕಡೆ ವೈಟ್ ಫರ್ ಚೆನ್ನಾಗಿ ಬರುತ್ತದೆ.

ಕರಾವಳಿಗೆ ಹತ್ತಿರದ ಫಾರ್ಮುಗಳಲ್ಲಿ ಮಾಂಟೆರೆ ಪೈನ್ ಇರುತ್ತದೆ: ಉದ್ದ ಎಲೆ, ಮೂರು ಮೂರರ ಗೊಂಚಲು, ದಟ್ಟ ಹಸಿರು. ಫರ್ 7–10 ವರ್ಷ ತೆಗೆದುಕೊಳ್ಳುವ ಎತ್ತರಕ್ಕೆ ಇದು ನಾಲ್ಕೈದು ವರ್ಷದಲ್ಲಿ ಬರುತ್ತದೆ. ನೀರು ಮಾತ್ರ ಎಮ್ಮೆಯ ಹಾಗೆ ಕುಡಿಯುತ್ತದೆ. ಲೇಲ್ಯಾಂಡ್ ಸೈಪ್ರೆಸ್, ಇನ್ಸೆನ್ಸ್ ಸೀಡರ್ ಕೂಡ ಅಲ್ಲಲ್ಲಿ ಸಿಗುತ್ತವೆ. ನೋಡಲು ಚಂದ, ಆದರೆ ಕೊಂಬೆಯ ತುದಿ ಜೋಲು, ಹಗುರ ಅಲಂಕಾರಕ್ಕೆ ಮಾತ್ರ.

ಮೊದಲ ಸಲ ಹೋಗುವವರಿಗೆ ನಮ್ಮ ಸಲಹೆ: ಡಿಸೆಂಬರ್ 5ರ ನಂತರ ಹೋಗುವುದಾದರೆ ಡಗ್ಲಸ್, ಅದಕ್ಕೆ ಮೊದಲೇ ಹೋಗುವುದಾದರೆ ನಾರ್ಡ್‌ಮನ್.

ಅಂಗಡಿ ಮುಂದೆ ಕಡಿದಿಟ್ಟ ಮರ ಅರ್ಧ ಬೆಲೆಗೆ ಸಿಗುತ್ತದಲ್ಲ?

ಸಿಗುತ್ತದೆ. ಒರೆಗಾನಿನಿಂದ ಲಾರಿಯಲ್ಲಿ ಬರುವ ಆ ಮರಗಳನ್ನು ನವೆಂಬರಿನಲ್ಲೇ ಕಡಿದಿರುತ್ತಾರೆ. ನೆರಳಿನಲ್ಲಿ, ತೇವದಲ್ಲಿ ಇಟ್ಟಿದ್ದರೆ ನೋಬಲ್ ಚೆನ್ನಾಗೇ ಇರುತ್ತದೆ. ಪಾರ್ಕಿಂಗ್ ಲಾಟಿನ ಬಿಸಿಲಿನಲ್ಲಿ ವಾರ ನಿಂತಿದ್ದರೆ ಬೇಡ. ಪರೀಕ್ಷೆ ಹೀಗೆ: ಕೊಂಬೆಯನ್ನು ಒಳಗಿನಿಂದ ತುದಿಯ ಕಡೆಗೆ ಮುಷ್ಟಿಯಲ್ಲಿ ಸವರಿ, ಎಲೆ ಕೈಗೆ ಬರಬಾರದು. ಒಂದು ಎಲೆ ಕಿತ್ತು ಮಡಿಸಿ. ಫರ್ ತಾಜಾ ಇದ್ದರೆ ಎಳೆ ಸೌತೆಕಾಯಿಯಂತೆ ಪಟಕ್ಕನೆ ಮುರಿಯುತ್ತದೆ. ಪೈನಿನ ಎಲೆಗೆ ನಾರು ಇದೆ, ತಾಜಾ ಇದ್ದರೆ ಬಾಗುತ್ತದೆ, ಮುರಿದರೆ ಒಣಗಿದೆ ಎಂದರ್ಥ. ಒಂದೇ ಪರೀಕ್ಷೆಗೆ ಎರಡೂ ಮರ ತದ್ವಿರುದ್ಧ ಉತ್ತರ ಕೊಡುವುದರಿಂದ ಜಾತಿ ತಿಳಿಯದೆ ಎಲೆ ಮಡಿಸಿ ಪ್ರಯೋಜನವಿಲ್ಲ.

ಹೊಲದಲ್ಲಿ ನಿಂತ ಮರವನ್ನು ಹೇಗೆ ಆರಿಸಬೇಕು?

ಬಯಲಿನಲ್ಲಿ ಎಲ್ಲ ಮರವೂ ಗಿಡ್ಡವೇ. 9 ಅಡಿಯ ಮರ ಆಕಾಶದ ಕೆಳಗೆ 6 ಅಡಿ ಅನ್ನಿಸುತ್ತದೆ. ಫಾರ್ಮಿನವರು ಅಳತೆಯ ಕೋಲು ಕೊಡುತ್ತಾರೆ, ತೆಗೆದುಕೊಳ್ಳಿ. ಕೋಲು ಇಲ್ಲದಿದ್ದರೆ ಐದೂವರೆ ಅಡಿಯವರು ಕೈ ಮೇಲೆತ್ತಿದರೆ ಬೆರಳ ತುದಿ 7 ಅಡಿಗೆ ಹತ್ತಿರ.

ಮರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನಿಂತಲ್ಲೇ ನೋಡಿ ಒಪ್ಪಬೇಡಿ. ಒಂದು ಮಗ್ಗುಲು ಬೋಳಾಗಿದ್ದರೆ ತೊಂದರೆಯಿಲ್ಲ, ಗೋಡೆ ಕಡೆ ತಿರುಗಿಸಿದರಾಯಿತು. ಮೂಲೆಯಲ್ಲಿ ಇಡುವವರಿಗೆ ಅದೇ ಅನುಕೂಲ. ತುದಿಯ ಕುಡಿ ಒಂದೇ ಇರಲಿ, ಕವೆಯಾಗಿದ್ದರೆ ನಕ್ಷತ್ರ ನಿಲ್ಲುವುದಿಲ್ಲ. ಒಳಗೆ ಕೈ ಹಾಕಿ ಕಾಂಡದ ಹತ್ತಿರದ ಕಂದು ಎಲೆಗಳನ್ನು ಮುಟ್ಟಿ. ಅವು ಹಳೇ ಎಲೆಗಳು, ಉದುರುವುದು ಸಹಜ. ಕೊಂಬೆಯ ಹೊರತುದಿಯ ಹೊಸ ಎಲೆ ಹಳದಿಯಾಗಿದ್ದರೆ ಮಾತ್ರ ಆ ಮರ ಬಿಡಿ.

ಕೊನೆಗೆ, ಮಂಡಿಯೂರಿ ಕೆಳಗಿನ ಕೊಂಬೆ ಎತ್ತಿ ಬುಡ ನೋಡಿ. ಕಡಿಯುವ ಜಾಗದಿಂದ ಮೇಲಕ್ಕೆ 8 ಇಂಚಾದರೂ ಕಾಂಡ ನೆಟ್ಟಗಿರಬೇಕು, ಸ್ಟ್ಯಾಂಡಿನ ತಿರುಪುಗಳು ಹಿಡಿಯುವುದು ಅಲ್ಲಿ. ಮೇಲೆ ಬಾಣದಂತಿದ್ದು ಬುಡದಲ್ಲಿ ಡೊಂಕಾಗಿದ್ದರೆ ಮನೆಯಲ್ಲಿ ಹಬ್ಬದುದ್ದಕ್ಕೂ ಅದಕ್ಕೆ ರಟ್ಟಿನ ಚೂರು ಒತ್ತುಕೊಡುತ್ತಾ ಕೂರಬೇಕಾಗುತ್ತದೆ. ಈ ಡೊಂಕು ಯಾಕೆ ಬರುತ್ತದೆ ಅನ್ನುವುದಕ್ಕೆ ಮುಂದಿನ ಉತ್ತರ ನೋಡಿ.

"ಕೆಳಗಿನ ಕೊಂಬೆಗಳನ್ನು ಬಿಟ್ಟು ಮೇಲೆ ಕಡಿಯಿರಿ" ಎನ್ನುತ್ತಾರೆ. ನೆಲಮಟ್ಟಕ್ಕೆ ಕಡಿದರೆ ಏನಾಗುತ್ತದೆ?

ಮುಂದಿನ ಮರ ಹೋಗುತ್ತದೆ. ಸಾಂತಾ ಕ್ರೂಜ್ ಬೆಟ್ಟಗಳಲ್ಲೂ ಆ್ಯಪಲ್ ಹಿಲ್ ಕಡೆಯೂ ಹಲವು ಫಾರ್ಮುಗಳು ಒಂದು ಮರ ಕಡಿದ ಮೇಲೆ ಹೊಸ ಸಸಿ ನೆಡುವುದಿಲ್ಲ. ಬೊಡ್ಡೆಯಿಂದಲೇ ಇನ್ನೊಂದು ಮರ ಎಬ್ಬಿಸುತ್ತಾರೆ. ಕಬ್ಬು ಬೆಳೆಯುವ ಕಡೆಯವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಕೂಳೆ ಬೆಳೆ.

ನಡೆಯುವುದು ಹೀಗೆ. ಬೊಡ್ಡೆಯ ಮೇಲೆ ಹಸಿರೆಲೆ ಇರುವ ಕೆಳಗಿನ ಒಂದೆರಡು ಸುತ್ತು ಕೊಂಬೆ ಉಳಿದರೆ ಅವು ಬೇರಿಗೆ ಅನ್ನ ಒದಗಿಸುತ್ತಿರುತ್ತವೆ, ಬೇರು ಸಾಯುವುದಿಲ್ಲ. ತಲೆ ಹೋದದ್ದರಿಂದ ಬೊಡ್ಡೆಯಿಂದ ಹೊಸ ಚಿಗುರು ಏಳುತ್ತದೆ, ಇಲ್ಲವೇ ಒಂದು ಪಕ್ಕದ ಕೊಂಬೆಯೇ ಮೇಲಕ್ಕೆ ತಿರುಗಿಕೊಳ್ಳುತ್ತದೆ. ರೈತ ಅದರಲ್ಲಿ ನೆಟ್ಟಗಿರುವುದನ್ನು ಒಂದನ್ನೇ ಉಳಿಸಿ ಮಿಕ್ಕದ್ದನ್ನು ಸವರುತ್ತಾನೆ. ಬೇರು ಆಗಲೇ ಆಳಕ್ಕೆ ಇಳಿದಿರುವುದರಿಂದ ಹೊಸ ಮರ ಸಸಿಗಿಂತ ಬೇಗ ಏಳುತ್ತದೆ, ಮಳೆಯಿಲ್ಲದ ಕ್ಯಾಲಿಫೋರ್ನಿಯಾ ಬೇಸಿಗೆಯನ್ನು ಹೆಚ್ಚು ನೀರು ಕೇಳದೆ ದಾಟುತ್ತದೆ.

ನೀವು ಆ ಕೊಂಬೆಗಳನ್ನೂ ಸೇರಿಸಿ ಕಡಿದರೆ ಬೊಡ್ಡೆಯಲ್ಲಿ ಎಲೆ ಇಲ್ಲ, ಅನ್ನ ಇಲ್ಲ, ಬೇರು ಸಾಯುತ್ತದೆ. ಹಾಗಾಗಿ ಬಣ್ಣ ಬಳಿದೋ ಪಟ್ಟಿ ಕಟ್ಟಿಯೋ ಗುರುತು ಹಾಕಿದ್ದರೆ ಅದರ ಮೇಲೆಯೇ ಗರಗಸ ಇಡಿ. ಮರದ ಎತ್ತರ ಅಳೆಯುವುದೂ ಆ ಗುರುತಿನಿಂದ, ನೆಲದಿಂದಲ್ಲ. ಹೀಗೆ ಪಕ್ಕದ ಕೊಂಬೆ ಮೇಲೆ ತಿರುಗಿ ಮರವಾದದ್ದಕ್ಕೇ ಕೆಲವು ಮರಗಳ ಬುಡದಲ್ಲಿ ಆ ಡೊಂಕು. ನೆಟ್ಟಗಿನ ಭಾಗದ ಕೆಳತುದಿ ನೋಡಿ ಅಲ್ಲಿಂದ ಕಡಿದರೆ ತೊಂದರೆ ತಪ್ಪಿತು, ಅರ್ಧ ಅಡಿ ಎತ್ತರ ಹೋದರೂ ನಷ್ಟವಿಲ್ಲ.

ಸಸಿ ನೆಟ್ಟು ಬೆಳೆಸುವ ಫಾರ್ಮುಗಳಲ್ಲಿ ನಿಯಮ ಇದಕ್ಕೆ ಪೂರಾ ಉಲ್ಟಾ: ನೆಲದಿಂದ ಎರಡು ಮೂರು ಇಂಚಿಗೆ ಕಡಿಯಬೇಕು, ಎತ್ತರದ ಬೊಡ್ಡೆ ಬಿಟ್ಟರೆ ಟ್ರ್ಯಾಕ್ಟರಿಗೆ ಅಡ್ಡ. ಗೇಟಿನಲ್ಲೇ ಕೇಳಿ.

ಗರಗಸ ಹಿಡಿದೇ ಗೊತ್ತಿಲ್ಲ. ಕಡಿಯುವುದು ಹೇಗೆ?

ಬಿಲ್ಲು ಗರಗಸವನ್ನು ಫಾರ್ಮಿನವರೇ ಕೊಡುತ್ತಾರೆ. ಯಂತ್ರದ ಗರಗಸ ತರಲು ಸಾಮಾನ್ಯವಾಗಿ ಬಿಡುವುದಿಲ್ಲ. ಇಬ್ಬರು ಬೇಕು: ಒಬ್ಬರು ಕೊಯ್ಯಲು, ಒಬ್ಬರು ಮರ ಹಿಡಿಯಲು. 4 ಇಂಚಿನ ಕಾಂಡ ಎರಡು ಮೂರು ನಿಮಿಷದ ಕೆಲಸ.

ಕೊಯ್ಯುವವರು ಇಳಿಜಾರಿನ ಮೇಲ್ಭಾಗದಲ್ಲಿ ಮಗ್ಗುಲಾಗಿ ಮಲಗಬೇಕು, ಮರ ಕೆಳಗೆ ಬೀಳುತ್ತದೆ. ಕೆಳಗೆ ಹಾಸಲು ಹಳೇ ಚಾಪೆಯೋ ಕಸದ ಚೀಲವೋ ಇರಲಿ. ಮೊದಲ ನಾಲ್ಕೈದು ಎಳೆತ ಹಗುರವಾಗಿ ನಿಮ್ಮ ಕಡೆಗೆ, ಕಾಂಡದಲ್ಲಿ ಕಚ್ಚು ಬೀಳುವವರೆಗೆ. ಆಮೇಲೆ ಅಲಗಿನ ಇಡೀ ಉದ್ದ ಬಳಸಿ, ನಿಧಾನ. ಒತ್ತಬೇಡಿ, ಗರಗಸದ ಹಲ್ಲು ತನ್ನ ಕೆಲಸ ತಾನೇ ಮಾಡುತ್ತದೆ. ಒತ್ತಿದರೆ ಅಲಗು ಬಾಗಿ ಕೊಯ್ತ ಓರೆಯಾಗುತ್ತದೆ.

ಇಲ್ಲಿ ಆಗುವ ತಪ್ಪುಗಳು ಎರಡೇ. ಮೊದಲನೆಯದು ಇಳಿಜಾರಿನಲ್ಲಿ ನೆಲಕ್ಕೆ ಸಮಾಂತರವಾಗಿ ಕೊಯ್ಯುವುದು. ಕಾಂಡಕ್ಕೆ ಅಡ್ಡಲಾಗಿ, ಸೌತೆಕಾಯಿ ಬಿಲ್ಲೆ ಕತ್ತರಿಸಿದ ಹಾಗೆ ಇರಬೇಕು. ಓರೆ ಬುಡ ಸ್ಟ್ಯಾಂಡಿನ ತಳಕ್ಕೆ ಕೂರುವುದಿಲ್ಲ, ಅದರ ಮೇಲ್ತುದಿ ನೀರಿನಿಂದ ಬೇಗ ಹೊರಬರುತ್ತದೆ.

ಎರಡನೆಯದು ಮರ ಹಿಡಿದವರ ಆತುರ. ಮೂರರಲ್ಲಿ ಎರಡು ಪಾಲು ಕೊಯ್ಯುವವರೆಗೆ ಅವರು ಮರವನ್ನು ನೆಟ್ಟಗೆ ಹಿಡಿದರೆ ಸಾಕು. ಗರಗಸ ಕಚ್ಚಿಕೊಳ್ಳುತ್ತಿದೆ ಅನ್ನಿಸಿದಾಗ ಮರವನ್ನು ಕೊಯ್ಯುವವರಿಂದ ಆಚೆಗೆ ಕೊಂಚ ವಾಲಿಸಬೇಕು, ಸೀಳು ಬಾಯಿ ಬಿಟ್ಟು ಅಲಗು ಸಡಿಲವಾಗುತ್ತದೆ. ಮೊದಲೇ ಜೋರಾಗಿ ಎಳೆದರೆ ಕೊನೆಯ ಅರ್ಧ ಇಂಚು ಕೊಯ್ಯುವ ಬದಲು ಸಿಗಿಯುತ್ತದೆ, ತೊಗಟೆ ಒಂದು ಗೇಣು ಮೇಲಿನವರೆಗೆ ಸುಲಿದುಕೊಂಡು ಬರುತ್ತದೆ. ಮರ ನೀರು ಕುಡಿಯುವುದು ತೊಗಟೆಗೆ ತಾಗಿದ ಹಸಿ ಪದರದಲ್ಲಿ, ನಡುವಿನ ಚೇಗಿನಲ್ಲಲ್ಲ. ಅದು ಸಿಗಿದರೆ ಸಿಗಿದಷ್ಟನ್ನೂ ಮತ್ತೆ ಕೊಯ್ದು ಬಿಸಾಡಬೇಕು.

ಏನು ಹಾಕಿಕೊಂಡು, ಏನು ತೆಗೆದುಕೊಂಡು ಹೋಗಬೇಕು?

ತುಂಬುತೋಳಿನ ಹಳೇ ಅಂಗಿ, ಹಾಳಾದರೆ ಬೇಜಾರಿಲ್ಲದ ಪ್ಯಾಂಟು, ಕೆಸರಿಗೆ ತಡೆಯುವ ಬೂಟು, ತೊಗಲಿನ ಗ್ಲೌಸು. ಹಬ್ಬದ ಫೋಟೋಗೆಂದು ರೇಷ್ಮೆ ಉಟ್ಟು ಹೋದರೆ ಅಂಟು ಬಿಡುವುದಿಲ್ಲ. ಹೊಲದ ಅಂಚಿನ ಪೊದೆಗೆ ಹೋಗಬೇಡಿ: ಈ ಬೆಟ್ಟಗಳಲ್ಲಿ ಪಾಯ್ಸನ್ ಓಕ್ ಧಾರಾಳ. ಡಿಸೆಂಬರಿನಲ್ಲಿ ಎಲೆ ಉದುರಿ ಬರೀ ಕಡ್ಡಿಯಾಗಿ ನಿಂತಿರುತ್ತದೆ, ಗುರುತು ಸಿಗುವುದಿಲ್ಲ, ಆದರೆ ಕಡ್ಡಿ ತಾಗಿದರೂ ಗೇರುಸೊನೆ ಬಿದ್ದ ಹಾಗೆ ಬೊಬ್ಬೆ ಏಳುತ್ತದೆ. ಗೇರಿನ ಬಳಗದ್ದೇ ಗಿಡ ಅದು. ಉಣ್ಣೆಗಳೂ ಚಳಿಗಾಲದಲ್ಲಿ ಓಡಾಡುತ್ತವೆ, ಮನೆಗೆ ಬಂದು ಮಕ್ಕಳ ಕಾಲು, ಕತ್ತು ನೋಡಿ.

ಫಾರ್ಮಿನಲ್ಲಿ ಮರ ಅಲ್ಲಾಡಿಸುವ ಯಂತ್ರ, ಮರಕ್ಕೆ ಸುತ್ತುವ ಬಲೆ ಎರಡೂ ಬೇಕೇ?

ಬೇಕು. ಅಲ್ಲಾಡಿಸಿದರೆ ಒಳಗಿನ ಒಣ ಎಲೆ, ಜೇಡ, ಹುಳು ಅಲ್ಲೇ ಉದುರಿಹೋಗುತ್ತವೆ. ಬಲೆ ಹಾಕಿದರೆ 5 ಅಡಿ ಅಗಲದ ಮರ ಒಂದೂವರೆ ಅಡಿಯ ಕಟ್ಟಾಗುತ್ತದೆ, ಮನೆ ಬಾಗಿಲಲ್ಲಿ ಹಿಡಿಸುತ್ತದೆ.

ಕಾರಿನ ಮೇಲೆ ಹೇಗೆ ಕಟ್ಟುವುದು?

ಬುಡ ಮುಂದಕ್ಕೆ, ತುದಿ ಹಿಂದಕ್ಕೆ. ಕೊಂಬೆಗಳು ಬುಡದಿಂದ ತುದಿಯ ಕಡೆಗೆ ಬಾಗಿರುತ್ತವೆ. ಉಲ್ಟಾ ಇಟ್ಟರೆ ಗಾಳಿ ಕೊಂಬೆಯೊಳಗೆ ನುಗ್ಗಿ ಛತ್ರಿ ಮಗುಚಿದ ಹಾಗೆ ಬಿಡಿಸಿ ಮುರಿಯುತ್ತದೆ.

ಕೆಳಗೆ ಹಳೇ ಕಂಬಳಿ ಹಾಸಿ. ಫಾರ್ಮಿನ ಸೆಣಬಿನ ದಾರ ಹೆದ್ದಾರಿ 17ರ ತಿರುವುಗಳಿಗೆ ಸಾಲದು, 12–15 ಅಡಿಯ, ಹಿಡಿಕೆ ಆಡಿಸಿ ಬಿಗಿಯುವ ಎರಡು ರ್‍ಯಾಚೆಟ್ ಪಟ್ಟಿ ಒಯ್ಯಿರಿ. ಮೇಲೆ ಕಂಬಿ ಇದ್ದರೆ ಅದಕ್ಕೆ ಕಟ್ಟಿ. ಇಲ್ಲದಿದ್ದರೆ ನಾಲ್ಕೂ ಬಾಗಿಲು ತೆರೆದು ಪಟ್ಟಿಯನ್ನು ಕಾರಿನ ಒಳಗಿಂದ ಹಾಯಿಸಿ ಬಿಗಿದು ಆಮೇಲೆ ಬಾಗಿಲು ಮುಚ್ಚಿ. ಕಿಟಕಿಯ ಮೂಲಕ ಹಾಯಿಸಿ ಕಟ್ಟಿದವರು ಬಾಗಿಲು ತೆಗೆಯಲಾಗದೆ ಕಿಟಕಿಯಲ್ಲೇ ತೂರಿ ಒಳಗೆ ಹೋಗಬೇಕಾಗುತ್ತದೆ. ಪಟ್ಟಿಗೆ ಒಂದು ತಿರುವು ಕೊಟ್ಟು ಬಿಗಿದರೆ ವೇಗದಲ್ಲಿ ಗುಂಯ್‌ಗುಡುವುದು ನಿಲ್ಲುತ್ತದೆ. ಮಳೆಯಿದ್ದರೆ ಪಟ್ಟಿಯ ಗುಂಟ ನೀರು ಇಳಿದು ಸೀಟು ನೆನೆಯುತ್ತದೆ, ಟವೆಲ್ ಇರಲಿ. ಹೊರಟ ಐದು ನಿಮಿಷಕ್ಕೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಿರಿ, ಬಲೆಯ ಮರ ಕುಗ್ಗಿ ಪಟ್ಟಿ ಸಡಿಲವಾಗಿರುತ್ತದೆ. ಗಾಜಿನ ಛಾವಣಿಯ ಕಾರಾದರೆ ಮೇಲೆ ಬೇಡ. ಹಿಂದಿನ ಸೀಟು ಮಡಚಿದರೆ 6 ಅಡಿ ಮರ ಒಳಗೇ ಮಲಗುತ್ತದೆ.

ಮನೆಗೆ ತಂದ ಮೇಲೆ ಮೊದಲು ಏನು ಮಾಡಬೇಕು?

ನೀರು. ಕಡಿದ ಬುಡದ ಮೇಲೆ ರಾಳ ಒಸರಿ ಗಟ್ಟಿಯಾಗುತ್ತದೆ, ಕೊಳವೆಗಳಿಗೆ ಗಾಳಿ ಹೊಗುತ್ತದೆ. ಕಡಿದ 6–8 ಗಂಟೆಯೊಳಗೆ ನೀರಿಗೆ ಇಟ್ಟರೆ ಮತ್ತೆ ಕೊಯ್ಯಬೇಕಿಲ್ಲ. ಅದಕ್ಕಿಂತ ತಡವಾದರೆ ಬುಡದಿಂದ ಅರ್ಧದಿಂದ ಒಂದು ಇಂಚಿನ ಬಿಲ್ಲೆ ತೆಗೆಯಿರಿ. ಆ ಬಿಲ್ಲೆಯಲ್ಲಿ ಉಂಗುರ ಎಣಿಸಲು ಮಕ್ಕಳಿಗೆ ಕೊಡಿ, ವರ್ಷ ಬರೆದು ತೂತು ಕೊರೆದರೆ ಮುಂದಿನ ಸಲದ ಅಲಂಕಾರ.

ಸ್ಟ್ಯಾಂಡಿಗೆ ಕಾಂಡ ಹಿಡಿಸದಿದ್ದರೆ ತೊಗಟೆ ಕೆತ್ತಬೇಡಿ. ನೀರು ಕುಡಿಯುವ ಪದರವನ್ನೇ ಕೆತ್ತಿಹಾಕಿದಂತೆ. ದೊಡ್ಡ ಸ್ಟ್ಯಾಂಡ್ ತನ್ನಿ. ಬುಡದ ನಡುವೆ ರಂಧ್ರ ಕೊರೆಯುವುದರಿಂದಲೂ ಪ್ರಯೋಜನವಿಲ್ಲ.

ಅದೇ ದಿನ ಒಳಗೆ ತರಲು ಆಗದಿದ್ದರೆ ಬಕೆಟ್ ನೀರಿನಲ್ಲಿ ಗ್ಯಾರೇಜಿನ ನೆರಳಲ್ಲಿ ನಿಲ್ಲಿಸಿ.

ನೀರಿಗೆ ಸಕ್ಕರೆ, ಆಸ್ಪಿರಿನ್, ಗಿಡದ ಗೊಬ್ಬರ ಹಾಕಬೇಕೇ?

ಬೇಡ. ನಲ್ಲಿ ನೀರು ಸಾಕು, ಬಿಸಿಯೋ ತಣ್ಣಗೋ ವ್ಯತ್ಯಾಸವಿಲ್ಲ. ಮೊದಲ 24 ಗಂಟೆಯಲ್ಲಿ ಒಂದು ಗ್ಯಾಲನ್‌ವರೆಗೂ ಕುಡಿಯಬಹುದು, ಆಮೇಲೆ ದಿನಕ್ಕೆ ಒಂದೆರಡು ಕ್ವಾರ್ಟ್. ಬೆಳಿಗ್ಗೆ, ಸಂಜೆ ದೇವರ ದೀಪ ಹಚ್ಚುವ ಹೊತ್ತಿಗೆ ಒಮ್ಮೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ನೀರಿನ ಮಟ್ಟ ಬುಡಕ್ಕಿಂತ ಕೆಳಗಿಳಿದು ಅರ್ಧ ದಿನ ಹೋದರೆ ರಾಳ ಮತ್ತೆ ಬಾಯಿ ಮುಚ್ಚುತ್ತದೆ. ಮೇಲೆ ಎಷ್ಟು ಸುರಿದರೂ ಕುಡಿಯುವುದಿಲ್ಲ. ಆಗ ಇರುವ ದಾರಿ ಒಂದೇ, ಅಲಂಕಾರವನ್ನೆಲ್ಲ ಬಿಚ್ಚಿ ಮರ ಮಲಗಿಸಿ ಮತ್ತೆ ಬಿಲ್ಲೆ ತೆಗೆಯುವುದು. ಯಾರೂ ಮಾಡುವುದಿಲ್ಲ. ಹಾಗಾಗಿ ಕ್ರಿಸ್‌ಮಸ್‌ಗೆ ಮೊದಲೇ ಎಲೆ ಸುರಿಯತೊಡಗುತ್ತದೆ, ದೂರು ಮಾತ್ರ ಫಾರ್ಮಿನ ಮೇಲೆ.

ಎಷ್ಟು ಬಿಗಿದರೂ ಮರ ವಾಲುತ್ತಿದೆ. ಯಾಕೆ?

ಮರ ಮಲಗಿರುವಾಗಲೇ, ಬಲೆ ಬಿಚ್ಚದೆ ಸ್ಟ್ಯಾಂಡ್ ತೊಡಿಸಿ. ಬುಡ ಸ್ಟ್ಯಾಂಡಿನ ತಳದ ಮುಳ್ಳಿಗೆ ಕೂತಿರಬೇಕು, ತೇಲಬಾರದು. ಎದುರುಬದುರಿನ ತಿರುಪುಗಳನ್ನು ಜೋಡಿಯಾಗಿ, ಒಂದೊಂದು ಸುತ್ತು ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಮರ ಆಚೆಗೆ ತಳ್ಳಿಕೊಳ್ಳುತ್ತದೆ. ನಿಲ್ಲಿಸಿ, ದೂರ ಹೋಗಿ ಎರಡು ಕಡೆಯಿಂದ ನೋಡಿ, ಆಮೇಲೆ ಬಲೆಯನ್ನು ಕೆಳಗಿನಿಂದ ಮೇಲಕ್ಕೆ ಕತ್ತರಿಸಿ. ಕೊಂಬೆ ಇಳಿಯಲು ಒಂದು ರಾತ್ರಿ ಬಿಡಿ. ಅಲಂಕಾರ ಮರುದಿನ. ಬೆಕ್ಕು ಇರುವ ಮನೆಯಲ್ಲಿ ಮೀನಿನ ಗಾಳದ ದಾರದಿಂದ ಕಾಂಡವನ್ನು ಕಿಟಕಿಯ ಚೌಕಟ್ಟಿಗೆ ಕಟ್ಟಿಬಿಡಿ.

ದೀಪಾವಳಿಯ ಸೀರಿಯಲ್ ಸೆಟ್ ಹಾಕಬಹುದೇ?

ಇಲ್ಲೇ ಕೊಂಡ, ಸುರಕ್ಷತಾ ಪರೀಕ್ಷೆಯ ಯುಎಲ್ ಗುರುತಿನ ಎಲ್‌ಇಡಿ ಸರ ಆದರೆ ಧಾರಾಳವಾಗಿ. ಊರಿಂದ ತಂದದ್ದು ಬೇಡ: ಅದು 230 ವೋಲ್ಟಿಗೆ ಮಾಡಿದ್ದು, ಇಲ್ಲಿನದು 120. ಮಂಕಾಗಿ ಉರಿಯುವುದಿರಲಿ, ಪ್ಲಗ್ ಹೊಂದಿಸಲು ಹೋಗಿ ತಂತಿ ಹೆಣೆದು ಟೇಪು ಸುತ್ತುವುದೇ ಅಪಾಯ. ಒಣಗಿದ ಮರಕ್ಕೆ ಕಿಡಿ ಬಿದ್ದರೆ ಇಡೀ ಕೋಣೆ ಹೊತ್ತಿಕೊಳ್ಳಲು ಒಂದು ನಿಮಿಷವೂ ಬೇಡ. ಎಣ್ಣೆ ದೀಪ, ಊದಿನಕಡ್ಡಿ, ಹೀಟರಿನ ಗಾಳಿ ಬರುವ ಜಾಲರಿ, ಬೆಂಕಿಗೂಡು ಎಲ್ಲದರಿಂದ ಮರ ಮೂರು ಅಡಿಗಿಂತ ದೂರ ಇರಲಿ. ಮಲಗುವಾಗ ಸ್ವಿಚ್ ಆಫ್.

ಕೈಗೆ ಅಂಟಿದ ರಾಳ ಸೋಪಿಗೆ ಹೋಗುತ್ತಿಲ್ಲ.

ಹಲಸಿನ ಹಣ್ಣು ಬಿಡಿಸಿದ ಮೇಲೆ ಏನು ಮಾಡುತ್ತೀರೋ ಅದೇ: ಕೊಬ್ಬರಿ ಎಣ್ಣೆ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು. ಬಟ್ಟೆಗೆ ಆದರೆ ರಬ್ಬಿಂಗ್ ಆಲ್ಕೋಹಾಲ್. ಕಾರಿನ ಬಣ್ಣದ ಮೇಲೆ ಬಿದ್ದದ್ದನ್ನು ಅದೇ ದಿನ ತೆಗೆಯಿರಿ, ಬಿಸಿಲಿಗೆ ಗಟ್ಟಿಯಾದರೆ ಕಷ್ಟ.

ಮರದಲ್ಲಿ ಹುಳ ಬಂದರೆ?

ಕೊಂಬೆಗೆ ಅಂಟಿದ, ಅಕ್ರೋಟು ಗಾತ್ರದ, ಒಣಗಿದ ನೊರೆಯಂಥ ಕಂದು ಉಂಡೆ ಕಂಡರೆ ಅದು ಮ್ಯಾಂಟಿಸ್ ಕೀಟದ ಮೊಟ್ಟೆಚೀಲ. ಮನೆಯ ಬೆಚ್ಚಗೆ ಒಡೆದರೆ ನೂರಾರು ಮರಿ ಹೊರಬರುತ್ತವೆ. ಆ ಕೊಂಬೆಯನ್ನಷ್ಟೇ ಕತ್ತರಿಸಿ ತೋಟದ ಪೊದೆಗೆ ಸಿಕ್ಕಿಸಿ, ಅದು ಗಿಡಕ್ಕೆ ಉಪಕಾರಿ. ಗಿಡದ ಕಪ್ಪು ಹೇನುಗಳನ್ನು ಗೋಡೆ ಮೇಲೆ ಹಿಸುಕಬೇಡಿ, ನೇರಳೆ ಕಲೆ ಉಳಿಯುತ್ತದೆ. ಕೀಟನಾಶಕದ ಸ್ಪ್ರೇ ಬೆಂಕಿಗೆ ತುಪ್ಪ, ಮರದ ಮೇಲೆ ಹೊಡೆಯಬೇಡಿ.

ಬೆಲೆ ಹೇಗೆ ಕಟ್ಟುತ್ತಾರೆ?

ಕೆಲವು ಕಡೆ ಅಡಿಗೆ ಇಷ್ಟೆಂದು, ಕೆಲವು ಕಡೆ ಎತ್ತರ ಎಷ್ಟಿದ್ದರೂ ಒಂದೇ ದರ. ಒಂದೇ ದರದ ಕಡೆ ಮಕ್ಕಳು 10 ಅಡಿಯ ಮರಕ್ಕೆ ಹಟ ಹಿಡಿಯುತ್ತಾರೆ, ಸೂರಿನ ಅಳತೆ ಚೀಟಿ ಜೇಬಿನಲ್ಲಿರಲಿ. ಬಲೆಗೆ ಬೇರೆ ದುಡ್ಡು ಇರಬಹುದು. ಕಾರ್ಡ್ ನಡೆಯದ ಫಾರ್ಮುಗಳೂ ಇವೆ, ನಗದು ಒಯ್ಯಿರಿ.

ಕಾಡಿನಲ್ಲಿ ಕಡಿಯಬಹುದು ಅನ್ನುತ್ತಾರಲ್ಲ?

ಎಲ್‌ಡೊರಾಡೊ, ಸ್ಟ್ಯಾನಿಸ್ಲಾಸ್‌ನಂಥ ರಾಷ್ಟ್ರೀಯ ಅರಣ್ಯಗಳಲ್ಲಿ ರೆಕ್ರಿಯೇಶನ್ ಡಾಟ್ ಗವ್ ತಾಣದಲ್ಲಿ ಪರವಾನಗಿ ಕೊಂಡು ಕಡಿಯಬಹುದು. ಬೇಗ ಖಾಲಿಯಾಗುತ್ತದೆ. ನಾಲ್ಕನೇ ತರಗತಿಯ ಮಗು ಇದ್ದರೆ "ಎವ್ರಿ ಕಿಡ್ ಔಟ್‌ಡೋರ್ಸ್" ಪಾಸ್ ತೋರಿಸಿ ಪರವಾನಗಿ ಬಿಟ್ಟಿ ಪಡೆಯಬಹುದು. ಎಲ್ಲಿ, ಎಷ್ಟು ದಪ್ಪದ್ದು, ಬೊಡ್ಡೆ ಎಷ್ಟು ಎತ್ತರ ಅನ್ನುವ ನಿಯಮ ಅರಣ್ಯದಿಂದ ಅರಣ್ಯಕ್ಕೆ ಬೇರೆ. ಹಿಮಕ್ಕೆ ಟೈರಿನ ಚೈನು, ಸ್ವಂತ ಗರಗಸ ಬೇಕು. ಕಾಡಿನ ಮರ ಕತ್ತರಿ ಕಾಣದ್ದು, ತೆಳ್ಳಗೆ ಬಡಕಲಾಗಿರುತ್ತದೆ. ಅದೇ ಇಷ್ಟಪಡುವವರೂ ಇದ್ದಾರೆ. ಸ್ಟೇಟ್ ಪಾರ್ಕು, ಕೌಂಟಿ ಪಾರ್ಕುಗಳಲ್ಲಿ ಒಂದು ಕೊಂಬೆ ಮುರಿದರೂ ಅಪರಾಧ.

ಹಬ್ಬಕ್ಕೆಂದು ಮರ ಕಡಿಯಲು ಮನಸ್ಸು ಒಪ್ಪುವುದಿಲ್ಲ.

ಇದು ಕಾಡಲ್ಲ, ಬೆಳೆ. ಕಡಿಯಲೆಂದೇ ನೆಟ್ಟು, ವರ್ಷವರ್ಷ ಕತ್ತರಿ ಹಾಕಿ ಬೆಳೆಸಿದ್ದು. ಕೊಳ್ಳುವವರಿಲ್ಲದಿದ್ದರೆ ಆ ಇಳಿಜಾರಿನಲ್ಲಿ ಮನೆ ಏಳುತ್ತದೆ. ಆದರೂ ಒಪ್ಪದಿದ್ದರೆ ಕುಂಡದ ಮರ ತನ್ನಿ, ಒಳಗೆ ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಮಾತ್ರ. ಬೆಚ್ಚಗೆ ಹೆಚ್ಚು ದಿನ ಇಟ್ಟರೆ ಚಿಗುರಿ, ಹೊರಗಿನ ಚಳಿಗೆ ಸಾಯುತ್ತದೆ.

ಹಬ್ಬ ಮುಗಿದ ಮೇಲೆ?

ಜನವರಿಯ ಮೊದಲ ಎರಡು ವಾರ ಬಹಳಷ್ಟು ನಗರಗಳು ರಸ್ತೆ ಬದಿಯಿಂದ ಮರ ಎತ್ತಿಕೊಂಡು ಹೋಗಿ ಗೊಬ್ಬರ ಮಾಡುತ್ತವೆ. ದೀಪ, ಜರಿ, ಸ್ಟ್ಯಾಂಡ್, ಕೆಳಗಿನ ಮೊಳೆ ಎಲ್ಲ ತೆಗೆದಿರಬೇಕು. ಉದ್ದದ್ದನ್ನು ತುಂಡರಿಸಲು ಹೇಳುತ್ತಾರೆ. ಬಿಳಿ ಹಿಮದ ಪುಡಿ ಸಿಂಪಡಿಸಿದ ಮರವನ್ನು ಗೊಬ್ಬರಕ್ಕೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಬೆಂಕಿಗೂಡಿನಲ್ಲಿ ಉರಿಸಬೇಡಿ, ರಾಳ ಭಗ್ಗನೆ ಏಳುತ್ತದೆ, ಚಿಮಣಿಗೆ ಮಸಿ ಕಟ್ಟುತ್ತದೆ.

ಬೆಂಗಳೂರು, ಮಂಗಳೂರಿನಲ್ಲಿ ಹೀಗೆ ಆರಿಸಿ ಕಡಿಯುವ ಫಾರ್ಮು ಯಾಕಿಲ್ಲ?

ಫರ್‌ಗೆ ಚಳಿಗಾಲದ ನಿದ್ದೆ ಬೇಕು, ನಮ್ಮ ಬಯಲುಸೀಮೆ ಅದನ್ನು ಕೊಡುವುದಿಲ್ಲ. ಬೆಂಗಳೂರಿನ ನರ್ಸರಿಗಳು ಕ್ರಿಸ್‌ಮಸ್ ಟ್ರೀ ಎಂದು ಕುಂಡದಲ್ಲಿ ಮಾರುವುದು ಅರೌಕೇರಿಯಾ, ಲಾಲ್‌ಬಾಗಿನಲ್ಲಿ ಆಕಾಶಕ್ಕೆ ನೆಟ್ಟಗೆ ನಿಂತಿರುವ ಮರಗಳ ಬಳಗ. ಕರಾವಳಿಯಲ್ಲಿ ಗಾಳಿ ಮರದ ಕೊಂಬೆ ನೆಟ್ಟು ಪಕ್ಕದಲ್ಲಿ ಗೋದಲಿ ಕಟ್ಟುವುದು ರೂಢಿ. ಗಾಳಿ ಮರದ ಕೊಂಬೆಗೂ ಮೇಲಿನ ನೀರಿನ ಲೆಕ್ಕವೇ: ಒದ್ದೆ ಮರಳಿನ ಬಕೆಟ್ಟಿನಲ್ಲಿ ನೆಟ್ಟರೆ ಬರೀ ಕಲ್ಲಿಗೆ ಸಿಕ್ಕಿಸಿದ್ದಕ್ಕಿಂತ ಹೆಚ್ಚು ದಿನ ಹಸಿರು. ಅರೌಕೇರಿಯಾದ ತಲೆ ಮಾತ್ರ ಕಡಿಯಬೇಡಿ. ಇಲ್ಲಿನ ಫರ್‌ನ ಹಾಗೆ ಪಕ್ಕದ ಕೊಂಬೆ ಮೇಲೆ ತಿರುಗಿ ಮರವಾಗುವುದಿಲ್ಲ. ಆ ಕೊಂಬೆಯನ್ನೇ ಕತ್ತರಿಸಿ ನೆಟ್ಟರೂ ವರ್ಷಗಟ್ಟಲೆ ನೆಲದ ಮೇಲೆ ಅಡ್ಡಡ್ಡ ಬೆಳೆಯುತ್ತಾ ಹೋಗುತ್ತದೆ. ಕುಂಡ ಚಿಕ್ಕದಾದರೆ ಒಂದು ಅಳತೆ ದೊಡ್ಡದಕ್ಕೆ ಬದಲಿಸಿ, ಜನವರಿಯಲ್ಲಿ ಬಿಸಿಲಿಗೆ ನಿಧಾನವಾಗಿ ಒಗ್ಗಿಸಿ.